ಹಳೆಯ ಬಡ್ಡಿ, ಮುಂದಿನ ಆಯುಸ್ಸು: ಜೀವವಿಮಾ ಕಂಪನಿಯ ಷೇರನ್ನು ಓದುವುದು ಹೇಗೆ

(ಮೈಸೂರಿನಲ್ಲಿ ನಿವೃತ್ತರ ಒಂದು ಬಳಗದ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಲ್‌ಐಸಿ ಷೇರು ಇರುವವರು ಕೈ ಎತ್ತಿ ಅಂದೆ. ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು. ನಿಮ್ಮಲ್ಲಿ ಬಹಳಷ್ಟು ಜನ 2022ರಲ್ಲಿ ಪಾಲಿಸಿದಾರರ ಕೋಟಾದಲ್ಲಿ ತಗೊಂಡವರು. ಷೇರಿಗೆ 949 ರೂಪಾಯಿ ಬೆಲೆ, ಪಾಲಿಸಿದಾರರಿಗೆ 60 ರೂಪಾಯಿ ಬಿಟ್ಟರು, ಹಾಗಾಗಿ ನಿಮಗೆ 889ಕ್ಕೆ ಸಿಕ್ಕಿತು. ಮೇ 17ಕ್ಕೆ ಪೇಟೆಗೆ ಬಂದಾಗ ಎನ್‌ಎಸ್‌ಇಯಲ್ಲಿ ಶುರುವಾಗಿದ್ದೇ 872ಕ್ಕೆ. ಮರುವರ್ಷದ ಮಾರ್ಚ್ ಹೊತ್ತಿಗೆ 530ರ ಹತ್ತಿರಕ್ಕೂ ಇಳಿದಿತ್ತು.

ಆ ಐಪಿಒ, ಅಂದರೆ ಷೇರಿನ ಮೊದಲ ಸಾರ್ವಜನಿಕ ಮಾರಾಟ, ಜನರಿಗೆ ತೆರೆದಿದ್ದು ಮೇ 4ರಂದು. ಅದೇ ದಿನ ಮಧ್ಯಾಹ್ನ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್, ಯಾರೂ ಎದುರು ನೋಡದ ಹೊತ್ತಿನಲ್ಲಿ, ರೆಪೋ ದರವನ್ನು 4%ರಿಂದ 4.40%ಕ್ಕೆ ಏರಿಸಿದರು. ಮುಂದಿನ ಫೆಬ್ರವರಿ ಹೊತ್ತಿಗೆ ಅದು 6.50% ಆಯಿತು. ಅಂದರೆ ಬಡ್ಡಿ ಏರುತ್ತಾ ಹೋದ ಆ ಹತ್ತು ತಿಂಗಳಲ್ಲೇ ಈ ಷೇರು ಇಳಿಯುತ್ತಾ ಹೋಯಿತು.

ಆಗ ನನ್ನನ್ನು ತುಂಬಾ ಜನ ಕೇಳಿದ ಪ್ರಶ್ನೆ ಒಂದೇ. "ಬಡ್ಡಿ ಏರಿದರೆ ವಿಮಾ ಕಂಪನಿಗೆ ಒಳ್ಳೇದು ಅಂತಾರಲ್ಲ ಸರ್, ಮತ್ತೆ ಇದ್ಯಾಕೆ ಬಿತ್ತು?"

ಆ ಬೀಳುವಿಕೆಗೆ ಬಡ್ಡಿಯೊಂದೇ ಕಾರಣ ಅಲ್ಲ. ಆಗ ವಿದೇಶಿ ಹೂಡಿಕೆದಾರರು ಮಾರುತ್ತಿದ್ದರು, ಇಡೀ ಪೇಟೆ ಮಂಕಾಗಿತ್ತು. 2023ರ ಬಜೆಟ್‌ನಲ್ಲಿ ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಪ್ರೀಮಿಯಂ ಇರುವ ಹೊಸ ಪಾಲಿಸಿಗಳ ಮೆಚ್ಯೂರಿಟಿ ಹಣಕ್ಕೆ ತೆರಿಗೆ ಬಂತು, ಆ ದಿನ ವಿಮಾ ಷೇರುಗಳೆಲ್ಲ ಏಟು ತಿಂದವು. ಅದೆಲ್ಲ ಇರಲಿ. ಪ್ರಶ್ನೆಯೊಳಗಿನ ನಂಬಿಕೆಯನ್ನು ಮಾತ್ರ ಇವತ್ತು ಬಿಡಿಸಿ ನೋಡೋಣ. ಬಡ್ಡಿ ಏರಿದರೆ ಒಳ್ಳೇದು, ಇಳಿದರೆ ಕೆಟ್ಟದ್ದು, ಜನ ಹೆಚ್ಚು ಬಾಳಿದರೆ ಒಳ್ಳೇದು ಅಂತ ಒಂದೇ ಏಟಿಗೆ ಹೇಳಲು ಆಗುವುದಿಲ್ಲ. ಕಂಪನಿ ಯಾವ ಪಾಲಿಸಿ ಮಾರಿದೆ, ಆ ಪಾಲಿಸಿಯಲ್ಲಿ ಬಡ್ಡಿಯ ಹೊರೆ ಯಾರ ಹೆಗಲ ಮೇಲಿದೆ, ಆಯುಸ್ಸಿನ ಹೊರೆ ಯಾರ ಹೆಗಲ ಮೇಲಿದೆ ಅನ್ನುವುದು ಮೊದಲು ಗೊತ್ತಾಗಬೇಕು. ನಾನು ಹೇಳಲು ಬಂದಿರುವುದು ಇಷ್ಟೇ.

ಬೇರೆ ವ್ಯಾಪಾರಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಸಿಮೆಂಟ್ ಕಂಪನಿಗೆ ಒಂದು ಮೂಟೆಯ ಖರ್ಚು ಎಷ್ಟು ಅಂತ ಮಾರುವ ಮೊದಲೇ ಗೊತ್ತಿರುತ್ತದೆ. ಜೀವವಿಮೆಯಲ್ಲಿ ಹಣ ಮೊದಲು ಬರುತ್ತದೆ, ನಿಜವಾದ ಖರ್ಚು ಗೊತ್ತಾಗುವುದು 20, 30, ಕೆಲವೊಮ್ಮೆ 40 ವರ್ಷ ಆದ ಮೇಲೆ. ಈ ವರ್ಷದ ಲಾಭ ಅಂತ ಅವರು ತೋರಿಸುವುದು ಒಂದು ಅಂದಾಜು. ಆ ಅಂದಾಜಿಗೆ ಎರಡು ದೊಡ್ಡ ಕಾಲುಗಳು. ಕೈಯಲ್ಲಿರುವ ಹಣ ಮುಂದೆ ಎಷ್ಟು ಬಡ್ಡಿ ದುಡಿಯುತ್ತದೆ ಅನ್ನುವುದು ಒಂದು, ಪಾಲಿಸಿದಾರರು ಎಷ್ಟು ಕಾಲ ಬದುಕುತ್ತಾರೆ ಅನ್ನುವುದು ಇನ್ನೊಂದು. ಮಧ್ಯದಲ್ಲಿ ಪಾಲಿಸಿ ಬಿಟ್ಟುಹೋಗುವವರು, ಕಮಿಷನ್, ಕಚೇರಿ ಖರ್ಚು ಎಲ್ಲ ಇದ್ದೇ ಇದೆ. ಆದರೆ ಕಂಪನಿಗಳನ್ನು ಮುಳುಗಿಸಿದ್ದು ಹೆಚ್ಚಾಗಿ ಮೊದಲ ಎರಡೇ.

ಒಂದು ಲೆಕ್ಕ ಹಾಕೋಣ. ಇದನ್ನು ದಯವಿಟ್ಟು ಬರೆದುಕೊಳ್ಳಿ, ಮನೆಗೆ ಹೋಗಿ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಬಹುದು.

60 ವರ್ಷದ ಒಬ್ಬರು 10 ಲಕ್ಷ ಕೊಟ್ಟು ಆನ್ಯುಟಿ ಕೊಳ್ಳುತ್ತಾರೆ. ಬದುಕಿರುವಷ್ಟು ಕಾಲ ಪಿಂಚಣಿ, ಸತ್ತ ಮೇಲೆ ಏನೂ ಇಲ್ಲ, ಅಂಥ ಪಾಲಿಸಿ. ಕಂಪನಿಯ ಖರ್ಚು, ಲಾಭ ಎಲ್ಲ ಪಕ್ಕಕ್ಕಿಡೋಣ. ಇಂಥವರು ಸರಾಸರಿ ಇನ್ನೂ 18 ವರ್ಷ ಬಾಳುತ್ತಾರೆ, ಹಣಕ್ಕೆ 7% ಬಡ್ಡಿ ಸಿಗುತ್ತದೆ ಅಂತ ಕಂಪನಿ ಅಂದುಕೊಂಡಿದೆ. ಆಗ ಪ್ರತಿ ವರ್ಷದ ಕೊನೆಗೆ ಸುಮಾರು 99,400 ರೂಪಾಯಿ ಕೊಡುತ್ತೇನೆ ಅಂತ ಮಾತು ಕೊಡಬಹುದು. ಲೆಕ್ಕ ಸರಿಯಾಗಿ ಕೂರುತ್ತದೆ.

ಈಗ ಬಡ್ಡಿ 7% ಆಗಿಯೇ ಇದೆ, ಜನ ಮಾತ್ರ 18ರ ಬದಲು 23 ವರ್ಷ ಬಾಳಿದರು ಅನ್ನಿ. ಅದೇ ಮಾತು ಉಳಿಸಿಕೊಳ್ಳಲು ಇವತ್ತು ಬೇಕಾಗುವ ಹಣ 10 ಲಕ್ಷ ಅಲ್ಲ, ಸುಮಾರು 11.2 ಲಕ್ಷ. ಕಂಪನಿಗೆ 1.2 ಲಕ್ಷ ನಷ್ಟ. ಇನ್ನೊಂದು ಕಡೆಯಿಂದ ನೋಡೋಣ. ಜನ ಅಂದುಕೊಂಡಂತೆ 18 ವರ್ಷವೇ ಬಾಳಿದರು, ಆದರೆ ಬಡ್ಡಿ 5%ಕ್ಕೆ ಇಳಿಯಿತು. ಆಗ ಬೇಕಾಗುವುದು 11.6 ಲಕ್ಷ. ನಷ್ಟ 1.6 ಲಕ್ಷ.

ಎರಡೂ ಒಟ್ಟಿಗೆ ಆದರೆ? 1.2 ಮತ್ತು 1.6 ಕೂಡಿಸಿ 2.8 ಅಂತ ಮನಸ್ಸು ಹೇಳುತ್ತದೆ. ಲೆಕ್ಕ ಹಾಕಿದರೆ ಬರುವುದು 3.4 ಲಕ್ಷ. ಯಾಕೆ ಗೊತ್ತಾ? ಬಡ್ಡಿ ಜಾಸ್ತಿ ಇದ್ದಾಗ 20 ವರ್ಷ ಆಚೆ ಕೊಡಬೇಕಾದ ಒಂದು ಲಕ್ಷ ಇವತ್ತಿಗೆ ಸಣ್ಣ ಮೊತ್ತ. ಬಡ್ಡಿ ಇಳಿದರೆ ಅದೇ ದೂರದ ಲಕ್ಷ ಇವತ್ತಿಗೆ ದೊಡ್ಡದಾಗಿ ನಿಲ್ಲುತ್ತದೆ. ಹಾಗಾಗಿ ಬಡ್ಡಿ ಕಡಿಮೆ ಇರುವ ಕಾಲದಲ್ಲಿ ಪ್ರತಿ ಹೆಚ್ಚಿನ ವರ್ಷದ ಆಯುಸ್ಸಿಗೂ ಕಂಪನಿ ಹೆಚ್ಚು ಬೆಲೆ ತೆರುತ್ತದೆ. ಬಡ್ಡಿ ಬೇರೆ, ಆಯುಸ್ಸು ಬೇರೆ ಅಂತ ಎರಡು ಅಧ್ಯಾಯ ಮಾಡಿ ಓದುವವರು ಈ 60 ಸಾವಿರದ ವ್ಯತ್ಯಾಸವನ್ನು ನೋಡುವುದೇ ಇಲ್ಲ. ಪೇಟೆ ಮಾತ್ರ ನೋಡುತ್ತದೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಇಂಗ್ಲೆಂಡಿನಲ್ಲಿ ಇಕ್ವಿಟೇಬಲ್ ಲೈಫ್ ಅಂತ ಒಂದು ಸಂಸ್ಥೆ ಇತ್ತು. 1762ರಲ್ಲಿ ಹುಟ್ಟಿದ್ದು. ವಯಸ್ಸು ನೋಡಿ, ಮರಣದ ಲೆಕ್ಕ ನೋಡಿ ಪ್ರೀಮಿಯಂ ನಿಗದಿ ಮಾಡುವ ಪದ್ಧತಿ ಬೆಳೆದದ್ದೇ ಅಲ್ಲಿ. ಈ ಕಸುಬಿನವರಿಗೆಲ್ಲ ಅದು ತೌರುಮನೆ ಇದ್ದಂತೆ.

ಆ ಸಂಸ್ಥೆ 1957ರಿಂದ 1988ರವರೆಗೆ ಮಾರಿದ ಪಿಂಚಣಿ ಪಾಲಿಸಿಗಳಲ್ಲಿ ಒಂದು ಗ್ಯಾರಂಟಿ ಇತ್ತು. ನೀವು ನಿವೃತ್ತರಾದಾಗ ಕೂಡಿಟ್ಟ ಹಣಕ್ಕೆ ಕನಿಷ್ಠ ಇಷ್ಟು ದರದಲ್ಲಿ ಆನ್ಯುಟಿ ಕೊಡುತ್ತೇವೆ ಅಂತ. ಬರೆದುಕೊಟ್ಟ ಕಾಲದಲ್ಲಿ ಬಡ್ಡಿ ಎಷ್ಟು ಎತ್ತರದಲ್ಲಿತ್ತು ಅಂದರೆ ಆ ಗ್ಯಾರಂಟಿ ಸುಮ್ನೆ ಅಲಂಕಾರಕ್ಕೆ ಇದ್ದಂತೆ ಕಂಡಿತು. ಅದಕ್ಕೆ ಬೇರೆ ಬೆಲೆ ಹಾಕಲಿಲ್ಲ, ಹಣ ತೆಗೆದಿಡಲಿಲ್ಲ. 1990ರ ದಶಕದಲ್ಲಿ ಎರಡೂ ಕಡೆಯಿಂದ ಬಂತು. ಬಡ್ಡಿ ಇಳಿಯಿತು, ಜನ ಹಿಂದೆ ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ವರ್ಷ ಬಾಳತೊಡಗಿದರು. ಸಂಸ್ಥೆ ಆ ಪಾಲಿಸಿದಾರರ ಬೋನಸ್ ಕಡಿಮೆ ಮಾಡಿ ಹೊಂದಿಸಿಕೊಳ್ಳಲು ನೋಡಿತು. ವಿಷಯ ಕೋರ್ಟಿಗೆ ಹೋಯಿತು. 2000ದ ಜುಲೈನಲ್ಲಿ, ಆಗ ಅಲ್ಲಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಕೊಟ್ಟ ಮಾತು ಕೊಟ್ಟಂತೆ ನಡೆಸಿ ಅಂತ ತೀರ್ಪು ಕೊಟ್ಟಿತು. ಸುಮಾರು 150 ಕೋಟಿ ಪೌಂಡಿನ ಗುಂಡಿ ಕಾಣಿಸಿತು. ಅದೇ ಡಿಸೆಂಬರಿನಲ್ಲಿ ಹೊಸ ವ್ಯವಹಾರಕ್ಕೆ ಬಾಗಿಲು ಹಾಕಿದರು.

ಷೇರಿನ ಮಾತಿನಲ್ಲಿ ಇದನ್ನು ಯಾಕೆ ತಂದೆ ಅಂದರೆ, ಇಕ್ವಿಟೇಬಲ್‌ಗೆ ಷೇರುದಾರರೇ ಇರಲಿಲ್ಲ. ಅದು ಪಾಲಿಸಿದಾರರದ್ದೇ ಸಂಸ್ಥೆ. ಲೆಕ್ಕ ತಪ್ಪಿದಾಗ ಮಧ್ಯದಲ್ಲಿ ನಿಂತು ಏಟು ತಿನ್ನಲು ಬೇರೆ ಯಾರ ಬಂಡವಾಳವೂ ಇರಲಿಲ್ಲ. ಗ್ಯಾರಂಟಿ ಇದ್ದ ಪಾಲಿಸಿದಾರರ ನಷ್ಟವನ್ನು ಗ್ಯಾರಂಟಿ ಇಲ್ಲದ ಪಾಲಿಸಿದಾರರು ಹೊತ್ತರು. ಜೀವನವೆಲ್ಲ ದುಡಿದು ಕೂಡಿಟ್ಟವರ ಪಿಂಚಣಿ ಕರಗಿತು. ಷೇರು ಇರುವ ಕಂಪನಿಯಲ್ಲಿ ಆ ಜಾಗದಲ್ಲಿ ಮೊದಲು ನಿಲ್ಲುವವರು ಷೇರುದಾರರು. ಅಂದರೆ ನೀವು. ನಿಮಗೆ ಲಾಭದಲ್ಲಿ ಪಾಲು ಕೊಡುವುದು ಆ ಜಾಗದಲ್ಲಿ ನಿಂತಿದ್ದಕ್ಕೆ. ಇದನ್ನು ತಿಳಿದು ನಿಲ್ಲಬೇಕು ಅನ್ನುವುದೇ ನನ್ನ ಕಳಕಳಿ.

ಬಡ್ಡಿಯೊಂದೇ ಕೈ ಕೊಟ್ಟ ಕಥೆ ಬೇಕಾದರೆ ಜಪಾನ್ ನೋಡಿ. 1980ರ ದಶಕದಲ್ಲಿ ಅಲ್ಲಿನ ಕಂಪನಿಗಳು 5.5%ರ ಸುಮಾರಿಗೆ, ಕೆಲವು ಅದಕ್ಕೂ ಹೆಚ್ಚು, ಗ್ಯಾರಂಟಿ ಕೊಟ್ಟು ಪಾಲಿಸಿ ಮಾರಿದವು. ಆಮೇಲೆ ಆಸ್ತಿ ಬೆಲೆ, ಷೇರು ಬೆಲೆ ಎಲ್ಲ ಕುಸಿದವು. 1998ರಲ್ಲಿ 10 ವರ್ಷದ ಸರ್ಕಾರಿ ಬಾಂಡಿನ ಬಡ್ಡಿ 1%ಕ್ಕಿಂತ ಕೆಳಗೆ ಹೋಯಿತು. ಕೊಡಬೇಕಾದದ್ದು ಐದೂವರೆ, ಬರುವುದು ಒಂದು. 1997ರ ಏಪ್ರಿಲಿನಲ್ಲಿ ನಿಸ್ಸಾನ್ ಮ್ಯೂಚುಯಲ್ ಮುಳುಗಿತು. 2001ರ ಹೊತ್ತಿಗೆ ಒಟ್ಟು ಏಳು ಜೀವವಿಮಾ ಕಂಪನಿಗಳು ಹೋದವು. ಜಪಾನೀಯರು ಜಗತ್ತಿನಲ್ಲೇ ಹೆಚ್ಚು ಕಾಲ ಬಾಳುವ ಜನ. ಆದರೆ ಅಲ್ಲಿ ಹೆಚ್ಚು ಮಾರಿದ್ದು ಸತ್ತರೆ ಹಣ ಕೊಡುವ ಪಾಲಿಸಿಗಳು. ಹಾಗಾಗಿ ಜನ ಹೆಚ್ಚು ಬಾಳಿದ್ದರಿಂದ ಕಂಪನಿಗಳಿಗೆ ಲಾಭವೇ ಆಗುತ್ತಿತ್ತು. ಆ ಲಾಭ ಬಡ್ಡಿಯ ನಷ್ಟವನ್ನು ಸ್ವಲ್ಪ ತುಂಬಿಕೊಟ್ಟಿತು, ಅದಕ್ಕೇ ಎಷ್ಟೋ ಕಂಪನಿ ಉಳಿದುಕೊಂಡವು. ಒಂದೇ ಆಯುಸ್ಸು ಇಂಗ್ಲೆಂಡಿನಲ್ಲಿ ಮುಳುಗಿಸಿತು, ಜಪಾನಿನಲ್ಲಿ ಕೈ ಹಿಡಿಯಿತು. ಪಾಲಿಸಿ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾದರೆ ಬಡ್ಡಿ ಏರಿದರೆ ಒಳ್ಳೇದೇ ಅಲ್ವಾ ಅಂತ ಕೇಳಬಹುದು. ನಿಧಾನವಾಗಿ ಏರಿದರೆ ಹೌದು. ಹೊಸ ಪ್ರೀಮಿಯಂ ಹೆಚ್ಚು ಬಡ್ಡಿಗೆ ಕೂರುತ್ತದೆ, ಹಳೆಯ ಗ್ಯಾರಂಟಿ ಹಗುರವಾಗುತ್ತದೆ. ಏಕಾಏಕಿ ಏರಿದರೆ ತೊಂದರೆ. ಹಳೆಯ ಕಡಿಮೆ ಬಡ್ಡಿಯ ಬಾಂಡುಗಳ ಬೆಲೆ ಬೀಳುತ್ತದೆ, ಬಾಂಡಿನ ಅವಧಿ ಉದ್ದವಾದಷ್ಟೂ ಹೆಚ್ಚು ಬೀಳುತ್ತದೆ. ಕೊನೆತನಕ ಇಟ್ಟುಕೊಂಡರೆ ಆ ನಷ್ಟ ಕಾಗದದ ಮೇಲಷ್ಟೇ. ಆದರೆ ಪಾಲಿಸಿದಾರರು ಎದ್ದು ಹೊರಟರೆ ಬಾಂಡ್ ಮಾರಲೇಬೇಕು, ಆಗ ನಷ್ಟ ನಿಜವಾಗುತ್ತದೆ. ಇಟಲಿಯ ಯೂರೋವಿಟಾ ಕಂಪನಿಗೆ 2023ರಲ್ಲಿ ಹೀಗೇ ಆಯಿತು. ಯುರೋಪಿನಲ್ಲಿ ಬಡ್ಡಿ ಒಮ್ಮೆಲೇ ಏರಿತು. ಬೇರೆ ಕಡೆ ಹೆಚ್ಚು ಸಿಗುತ್ತದೆ ಅಂತ ಜನ ಪಾಲಿಸಿ ಸರೆಂಡರ್ ಮಾಡಲು ಸಾಲು ನಿಂತರು. ಅಲ್ಲಿನ ನಿಯಂತ್ರಕರು ಸರೆಂಡರನ್ನೇ ತಡೆದು, ಕೊನೆಗೆ ಐದು ದೊಡ್ಡ ಕಂಪನಿಗಳನ್ನು ಸೇರಿಸಿ ಆ ಪಾಲಿಸಿಗಳನ್ನು ಉಳಿಸಿದರು.

ಆಯುಸ್ಸಿಗೆ ಬರೋಣ. ಇದನ್ನು ಜನ ತಪ್ಪು ತಿಳಿಯುವುದೇ ಜಾಸ್ತಿ.

ಒಬ್ಬ ಅಜ್ಜಿ 102 ವರ್ಷ ಬಾಳಿದರೆ ಆನ್ಯುಟಿ ಕಂಪನಿಗೆ ನಷ್ಟ, ನಿಜ. ಆದರೆ ಅದರಿಂದ ಕಂಪನಿ ಹೆದರುವುದಿಲ್ಲ. ಇನ್ನೊಬ್ಬರು 63ಕ್ಕೆ ಹೋಗಿರುತ್ತಾರೆ, ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಮದುವೆ ಅಡುಗೆಯವರು ಐನೂರು ಎಲೆ ಅಂತ ಲೆಕ್ಕ ಹಾಕುತ್ತಾರಲ್ಲ, ಕೆಲವು ಮನೆಯಿಂದ ನಾಲ್ವರು ಬಂದರೂ ಕೆಲವು ಮನೆಯವರು ಬರದೆ ಇರುವುದರಿಂದ ಊಟ ಸರಿಹೋಗುತ್ತದೆ. ಆದರೆ ಕರೆದ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಹೆಚ್ಚು ಬಂದರೆ ಯಾವ ಅಡುಗೆಯವರೂ ನಿಭಾಯಿಸಲಾರರು. ಆನ್ಯುಟಿಯ ಭಯ ಅದು. ಹೊಸ ಔಷಧಿ ಬಂತು, ಹೃದಯದ ಚಿಕಿತ್ಸೆ ಸುಲಭವಾಯಿತು, ಸಿಗರೇಟು ಕಡಿಮೆಯಾಯಿತು. ಎಲ್ಲರಿಗೂ ಒಟ್ಟಿಗೆ ಎರಡು ವರ್ಷ ಹೆಚ್ಚಾಯಿತು. ಆಗ ಹೆಚ್ಚು ಪಾಲಿಸಿ ಮಾರಿದಷ್ಟೂ ಹೆಚ್ಚು ನಷ್ಟ.

ಅದೂ ಅಲ್ಲದೆ, ಆನ್ಯುಟಿ ಕೊಳ್ಳಲು ಬರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿ ಇರುವವರೇ. ಕಾಯಿಲೆ ಇರುವವರು ಹಣ ಕೈಯಲ್ಲಿಟ್ಟುಕೊಳ್ಳುತ್ತಾರೆ. ಅದಕ್ಕೇ ಆನ್ಯುಟಿಗೆ ಬೇರೆಯದೇ ಮರಣ ಕೋಷ್ಟಕ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವ ಪಟ್ಟಿ, ಇರುತ್ತದೆ. ಜೀವವಿಮೆಗೆ ಒಂದು, ಆನ್ಯುಟಿಗೆ ಒಂದು. ನಮ್ಮ ದೇಶದಲ್ಲಿ ಆನ್ಯುಟಿಗೆ 1996-98ರ ಎಲ್‌ಐಸಿ ಅನುಭವದ ಮೇಲೆ ಮಾಡಿದ ಕೋಷ್ಟಕವೇ 20 ವರ್ಷಕ್ಕೂ ಮೇಲ್ಪಟ್ಟು ಆಧಾರವಾಗಿತ್ತು. 2012-15ರ ಅನುಭವದ ಹೊಸ ಕೋಷ್ಟಕ ಜಾರಿಗೆ ಬಂದಿದ್ದು 2021ರ ಏಪ್ರಿಲ್ 1ಕ್ಕೆ. ಕಂಪನಿಗಳು ತಮ್ಮದೇ ತಿದ್ದುಪಡಿ ಸೇರಿಸಿಕೊಂಡು ಬೆಲೆ ಹಾಕುತ್ತವೆ, ಹಾಗಾಗಿ ಇಷ್ಟು ವರ್ಷ ಕಣ್ಣು ಮುಚ್ಚಿ ಮಾರಿದರು ಅಂತಲ್ಲ. ಆದರೂ ಇಷ್ಟು ದೊಡ್ಡ ದೇಶದಲ್ಲಿ, ಆಯುಸ್ಸು ಇಷ್ಟು ವೇಗವಾಗಿ ಬದಲಾಗುತ್ತಿರುವಾಗ, ಹೊಸ ಕೋಷ್ಟಕಕ್ಕೆ ಅಷ್ಟು ವರ್ಷ ಕಾಯುವುದು ತುಂಬಾ ಜಾಸ್ತಿ ಆಯಿತು ಅಂತ ನನಗೆ ಅನಿಸುತ್ತದೆ.

ಬ್ರಿಟನ್ನಿನ ಷೇರುಪೇಟೆಯಲ್ಲಿ ಇದೇ ವಿಷಯ ಉಲ್ಟಾ ನಡೆಯಿತು. 2011ರ ನಂತರ ಅಲ್ಲಿ ಆಯುಸ್ಸು ಏರುವ ವೇಗ ಕುಂಟತೊಡಗಿತು. ದೇಶಕ್ಕೆ ಅದು ದುಃಖದ ಸುದ್ದಿ. ಆನ್ಯುಟಿ ಕಂಪನಿಗಳ ಪುಸ್ತಕದಲ್ಲಿ ಅದು ಲಾಭವಾಗಿ ಬಂತು, ಯಾಕೆಂದರೆ ಅಷ್ಟು ವರ್ಷ ಪಿಂಚಣಿ ಕೊಡಬೇಕಾಗಿಲ್ಲ. ಲೀಗಲ್ ಅಂಡ್ ಜನರಲ್ ಕಂಪನಿ 2017ರ ಲೆಕ್ಕದಲ್ಲಿ ಇದಕ್ಕೆಂದೇ ಕಾದಿಟ್ಟ ಹಣದಿಂದ 30 ಕೋಟಿ ಪೌಂಡಿಗೂ ಹೆಚ್ಚು ಬಿಡುಗಡೆ ಮಾಡಿ ಲಾಭಕ್ಕೆ ಸೇರಿಸಿತು. ಇಂಥ ಲಾಭ ನೋಡಿದಾಗ ಷೇರುದಾರರು ಒಂದು ಕೆಲಸ ಮಾಡಬೇಕು. ಇದು ವ್ಯಾಪಾರದಿಂದ ಬಂತಾ, ಅಂದಾಜು ಬದಲಿಸಿದ್ದರಿಂದ ಬಂತಾ ಅಂತ ಬೇರೆ ಮಾಡಿ ನೋಡಬೇಕು. ಅಂದಾಜಿನಿಂದ ಬಂದದ್ದು ಅಂದಾಜಿನಿಂದಲೇ ವಾಪಸ್ ಹೋಗಬಹುದು.

ಆಯುಸ್ಸಿನ ಏಟು ಎಲ್ಲಿಂದ ಬೇಕಾದರೂ ಬರಬಹುದು ಅನ್ನುವುದಕ್ಕೆ ಇನ್ನೊಂದು ಮಾತು. ವಿಮಾನದ ಎಂಜಿನ್ ಮಾಡುವ ಜನರಲ್ ಎಲೆಕ್ಟ್ರಿಕ್ ನಿಮಗೆ ಗೊತ್ತು, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅವರ ದೊಡ್ಡ ಸಂಶೋಧನಾ ಕೇಂದ್ರ ಇದೆ. ಆ ಕಂಪನಿ ಅಮೆರಿಕದಲ್ಲಿ ವಯಸ್ಸಾದವರ ದೀರ್ಘಕಾಲದ ಆರೈಕೆಯ ವಿಮೆಯ ಹಳೆಯ ಹೊರೆಯೊಂದನ್ನು ಇಟ್ಟುಕೊಂಡಿತ್ತು. ಜನ ಹೆಚ್ಚು ಬಾಳಿದರು, ಕೊನೆಯ ವರ್ಷಗಳಲ್ಲಿ ಆರೈಕೆ ಅಂದುಕೊಂಡಿದ್ದಕ್ಕಿಂತ ಹೆಚ್ಚು ಬೇಕಾಯಿತು. 2018ರ ಜನವರಿಯಲ್ಲಿ 620 ಕೋಟಿ ಡಾಲರ್ ನಷ್ಟ ತೋರಿಸಿ, ಮುಂದಿನ ಏಳು ವರ್ಷದಲ್ಲಿ 1,500 ಕೋಟಿ ಡಾಲರ್ ತುಂಬಬೇಕು ಅಂತ ಹೇಳಿದರು. ಎಂಜಿನ್ ಕಂಪನಿಯ ಷೇರು ಅಂತ ಕೊಂಡವರ ಕೈಯಲ್ಲಿ ಇದ್ದದ್ದು ಇದು.

ನಮ್ಮ ದೇಶಕ್ಕೆ ಬರುತ್ತೇನೆ. ಎಲ್‌ಐಸಿಯದು ಹೆಚ್ಚಾಗಿ ಲಾಭದಲ್ಲಿ ಪಾಲಿರುವ ಪಾಲಿಸಿಗಳು, ಪಾರ್ ಅನ್ನುತ್ತಾರೆ. ಸಾವಿರಕ್ಕೆ ಇಷ್ಟು ಬೋನಸ್ ಅಂತ ಬರುತ್ತಲ್ಲ, ಅದು. ಇಲ್ಲಿ ಬಡ್ಡಿ ಇಳಿದರೆ ಬೋನಸ್ ಇಳಿಯುತ್ತದೆ. ಮೊದಲು ಉಳಿಕೆಯಲ್ಲಿ 95% ಪಾಲಿಸಿದಾರರಿಗೆ, 5% ಮಾತ್ರ ಸರ್ಕಾರಕ್ಕೆ ಹೋಗುತ್ತಿತ್ತು. ಈಗ ಪಾರ್ ನಿಧಿಯಲ್ಲಿ 90 ಪಾಲಿಸಿದಾರರಿಗೆ, 10 ಷೇರುದಾರರಿಗೆ. ಅಂದರೆ ಬಡ್ಡಿಯ ಹೊರೆ ಮುಖ್ಯವಾಗಿ ಪಾಲಿಸಿದಾರರ ಹೆಗಲ ಮೇಲೆ. ರೆಪೋ ದರ ಏರಿದರೆ ಎಲ್‌ಐಸಿ ಷೇರು ಯಾಕೆ ಜಿಗಿಯಲಿಲ್ಲ ಅನ್ನುವುದಕ್ಕೆ ಉತ್ತರದ ದೊಡ್ಡ ಭಾಗ ಇಲ್ಲೇ ಇದೆ. ಸಿಹಿಯಾದರೂ ಹತ್ತರಲ್ಲಿ ಒಂದು ಪಾಲು, ಕಹಿಯಾದರೂ ಹತ್ತರಲ್ಲಿ ಒಂದು ಪಾಲು. ಇನ್ನೊಂದು, ಎಲ್‌ಐಸಿ ಹತ್ತಿರ ಬೇರೆ ಕಂಪನಿಗಳ ಷೇರು ರಾಶಿ ರಾಶಿ ಇದೆ. ಹಾಗಾಗಿ ಅದರ ಬೆಲೆ ಬಡ್ಡಿಗಿಂತ ಷೇರುಪೇಟೆಯ ಏರಿಳಿತಕ್ಕೆ ಹೆಚ್ಚು ಕುಣಿಯುತ್ತದೆ.

ನಾನ್-ಪಾರ್ ಅಂದರೆ ಬೋನಸ್ ಇಲ್ಲದ, ಎಲ್ಲ ಮೊದಲೇ ಬರೆದುಕೊಟ್ಟ ಪಾಲಿಸಿಗಳು. ಗ್ಯಾರಂಟಿ ಆದಾಯ, ಆನ್ಯುಟಿ, ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಟರ್ಮ್ ಎಲ್ಲ ಇದರಲ್ಲೇ. ಇಲ್ಲಿ ಲಾಭ ನೂರಕ್ಕೆ ನೂರು ಷೇರುದಾರರದ್ದು, ನಷ್ಟವೂ ಅಷ್ಟೇ. 2021ರಲ್ಲಿ ಕಾನೂನು ತಿದ್ದಿ ಎಲ್‌ಐಸಿಯ ಒಂದೇ ನಿಧಿಯನ್ನು ಪಾರ್, ನಾನ್-ಪಾರ್ ಅಂತ ಎರಡು ಮಾಡಿದರು. ಅದರ ಪರಿಣಾಮ ನೋಡಿ. ಎಂಬೆಡೆಡ್ ವ್ಯಾಲ್ಯೂ ಅಂತ ಒಂದು ಅಳತೆ ಇದೆ. ಕೈಯಲ್ಲಿರುವ ಬಂಡವಾಳ, ಜೊತೆಗೆ ಈಗಾಗಲೇ ಮಾರಿರುವ ಪಾಲಿಸಿಗಳಿಂದ ಷೇರುದಾರರಿಗೆ ಮುಂದೆ ಬರಬಹುದಾದ ಲಾಭದ ಇವತ್ತಿನ ಬೆಲೆ. 2021ರ ಮಾರ್ಚಿನಲ್ಲಿ ಅದು 95 ಸಾವಿರ ಕೋಟಿ ಚಿಲ್ಲರೆ ಇತ್ತು. ಅದೇ ಸೆಪ್ಟೆಂಬರಿಗೆ 5.39 ಲಕ್ಷ ಕೋಟಿ ಆಯಿತು. ಆರು ತಿಂಗಳಲ್ಲಿ ವ್ಯಾಪಾರ ಐದು ಪಟ್ಟು ಬೆಳೆದಿದ್ದಲ್ಲ. ಯಾವ ಹೊರೆ, ಯಾವ ಲಾಭ ಯಾರದ್ದು ಅನ್ನುವ ಗೆರೆ ಸರಿದಿದ್ದು.

ಆ ಗೆರೆ ಈಗಲೂ ಸರಿಯುತ್ತಲೇ ಇದೆ. ಐಪಿಒ ಹೊತ್ತಿಗೆ ಎಲ್‌ಐಸಿಯ ಹೊಸ ವೈಯಕ್ತಿಕ ವ್ಯವಹಾರದಲ್ಲಿ ನಾನ್-ಪಾರ್ ಪಾಲು 10%ಕ್ಕಿಂತ ಕಡಿಮೆ. 2024-25ರಲ್ಲಿ ಅದು ಕಾಲು ಭಾಗ ದಾಟಿತು. ಪೇಟೆ ಇದನ್ನು ಕೊಂಡಾಡುತ್ತದೆ, ಲಾಭದ ಪ್ರಮಾಣ ಹೆಚ್ಚು ಅಂತ. ನಿಜವೇ. ಆದರೆ ಈ ಸಂತೋಷದ ಜೊತೆಗೇ ಬಡ್ಡಿಯ ಹೊರೆ ಮೆಲ್ಲಗೆ ಪಾಲಿಸಿದಾರರ ಹೆಗಲಿಂದ ಷೇರುದಾರರ ಹೆಗಲಿಗೆ ಬರುತ್ತಿದೆ ಅನ್ನುವುದನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಖಾಸಗಿ ಕಂಪನಿಗಳು ಈ ದಾರಿಯಲ್ಲಿ ಮೊದಲೇ ಹೋಗಿವೆ. ಗ್ಯಾರಂಟಿ ಪಾಲಿಸಿಯಲ್ಲಿ ಕಷ್ಟ ಏನೆಂದರೆ, ಪ್ರೀಮಿಯಂ 10 ವರ್ಷ ಬರುತ್ತದೆ, ಗ್ಯಾರಂಟಿ ಮಾತ್ರ ಇವತ್ತೇ ಕೊಟ್ಟಾಗಿದೆ. ಎಂಟನೇ ವರ್ಷ ಬರುವ ಪ್ರೀಮಿಯಂ ಯಾವ ಬಡ್ಡಿಗೆ ಕೂರುತ್ತದೋ ಯಾರಿಗೆ ಗೊತ್ತು? ಅದಕ್ಕೆ ಬ್ಯಾಂಕುಗಳ ಜೊತೆ ಮುಂಗಡ ದರದ ಒಪ್ಪಂದ ಮಾಡಿಕೊಳ್ಳುತ್ತಾರೆ. ಮುಂದೆ ಇಂಥ ದಿನ ಈ ಬಾಂಡನ್ನು ಇಷ್ಟಕ್ಕೆ ಕೊಳ್ಳುತ್ತೇನೆ ಅಂತ ಈಗಲೇ ಗಂಟು ಹಾಕುವುದು. ಉದ್ದದ ಬಾಂಡ್ ಬೇಕು ಅಂತ ಇವರೆಲ್ಲ ಕೇಳುತ್ತಲೇ ಇದ್ದರು. ಸರ್ಕಾರ 2015ರಲ್ಲಿ 40 ವರ್ಷದ್ದು, 2023ರ ನವೆಂಬರಿನಲ್ಲಿ 50 ವರ್ಷದ್ದು ತಂದಿತು. ಹೀಗೆ ಸರಿಯಾಗಿ ಗಂಟು ಹಾಕಿದ ಕಂಪನಿಗೆ ಬಡ್ಡಿ ಇಳಿದರೂ ಏರಿದರೂ ಹಳೆಯ ಪಾಲಿಸಿಗಳಿಂದ ಅಷ್ಟು ತೊಂದರೆ ಇಲ್ಲ. ಗಂಟು ಹಾಕಿದ್ದಾರಾ ಇಲ್ವಾ ಅನ್ನುವುದನ್ನೇ ನೋಡಬೇಕು.

ಆಯುಸ್ಸಿಗೆ ಇಂಥ ಗಂಟು ನಮ್ಮಲ್ಲಿ ಸಿಗುವುದು ಕಷ್ಟ. ಜೀವವಿಮೆಯ ಸಾವಿನ ಹೊರೆಯನ್ನು, ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮರುವಿಮಾ ಕಂಪನಿಗಳಿಗೆ ಹಂಚಬಹುದು. ಕೋವಿಡ್‌ನ ಎರಡನೇ ಅಲೆ ನೆನಪಿದೆಯಲ್ಲ. 2021ರ ಏಪ್ರಿಲ್-ಜೂನ್ ಮೂರು ತಿಂಗಳಲ್ಲಿ ಐಸಿಐಸಿಐ ಪ್ರುಡೆನ್ಶಿಯಲ್ ಲೈಫ್ ಸುಮಾರು 186 ಕೋಟಿ ನಷ್ಟ ತೋರಿಸಿತು. ಎಚ್‌ಡಿಎಫ್‌ಸಿ ಲೈಫ್ ಹೆಚ್ಚುವರಿ ಸಾವುಗಳಿಗೆ ಅಂತ 700 ಕೋಟಿ ತೆಗೆದಿಟ್ಟಿತು. ಎರಡೂ ಎದ್ದು ನಿಂತವು. ಸಾವಿನ ಏಟು ಜೋರಾಗಿ ಬರುತ್ತದೆ, ಬೇಗ ಮುಗಿಯುತ್ತದೆ, ಆಮೇಲೆ ಟರ್ಮ್ ಪಾಲಿಸಿಯ ಬೆಲೆ ಏರಿಸಬಹುದು. ಆಯುಸ್ಸಿನ ಏಟು ಹಾಗಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಕಾಣಿಸುವ ಹೊತ್ತಿಗೆ ಮಾತು ಕೊಟ್ಟು 15 ವರ್ಷ ಆಗಿರುತ್ತದೆ.

ನಮ್ಮಲ್ಲಿ ಒಂದು ಸಮಾಧಾನ ಇದೆ. ಆನ್ಯುಟಿ ಕೊಳ್ಳುವವರಲ್ಲಿ ಜಾಸ್ತಿ ಜನ ಅಸಲು ನಾಮಿನಿಗೆ ವಾಪಸ್ ಬರುವ ಬಗೆಯನ್ನೇ ಕೇಳುತ್ತಾರೆ. ಮಕ್ಕಳಿಗೆ ಏನಾದರೂ ಉಳಿಯಲಿ ಅನ್ನುವ ಆಸೆ. ಅಂಥ ಪಾಲಿಸಿಯಲ್ಲಿ ಜನ ಹೆಚ್ಚು ಬಾಳಿದರೆ ಪಿಂಚಣಿ ಹೆಚ್ಚು ವರ್ಷ ಕೊಡಬೇಕು, ಆದರೆ ಅಸಲು ವಾಪಸ್ ಕೊಡುವುದೂ ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ. ಒಂದಕ್ಕೊಂದು ಬಹುಮಟ್ಟಿಗೆ ಸರಿಹೋಗುತ್ತದೆ. ಹಾಗಾಗಿ ಸದ್ಯಕ್ಕೆ ನಮ್ಮ ಕಂಪನಿಗಳ ಆನ್ಯುಟಿ ಆಯುಸ್ಸಿಗಿಂತ ಬಡ್ಡಿಯ ಮೇಲಿನ ಪಣ. ಅದೂ ತುಂಬಾ ಉದ್ದದ ಪಣ. 45 ವರ್ಷದವರಿಗೆ ಇವತ್ತು ದರ ಬರೆದುಕೊಟ್ಟರೆ ಅವರು 90 ಆಗುವ ತನಕ ಅದನ್ನು ನಡೆಸಬೇಕು.

ಈ ಹೊರೆ ಮುಂದೆ ಹೆಚ್ಚುತ್ತದೆ. ಕೇಂದ್ರ ಸರ್ಕಾರದಲ್ಲಿ 2004ರ ಜನವರಿ 1ರಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಬಂತು. ಹಳೆಯ ಪಿಂಚಣಿಯಲ್ಲಿ ಮೇಷ್ಟ್ರು 95 ವರ್ಷ ಬಾಳಿದರೆ ಆ ಖರ್ಚು ಖಜಾನೆಯದ್ದು. ಎನ್‌ಪಿಎಸ್‌ನಲ್ಲಿ ಸರ್ಕಾರಿ ನೌಕರರು ನಿವೃತ್ತಿಯಾದಾಗ ಕನಿಷ್ಠ 40% ಹಣಕ್ಕೆ ಆನ್ಯುಟಿ ಕೊಳ್ಳಬೇಕು. ಕೊಂಡ ಗಳಿಗೆಯಿಂದ ಆ ಮೇಷ್ಟ್ರ ಆಯುಸ್ಸು ವಿಮಾ ಕಂಪನಿಯ ಷೇರುದಾರರ ಹೊಣೆ. ಈ ಜನ ಗುಂಪುಗುಂಪಾಗಿ ನಿವೃತ್ತರಾಗುವ ಕಾಲ ಹತ್ತಿರ ಬರುತ್ತಿದೆ. ಒಂದು ದೊಡ್ಡ ಹೊಣೆ ಸರ್ಕಾರದ ಲೆಕ್ಕದಿಂದ ಷೇರುಪೇಟೆಯ ಲೆಕ್ಕಕ್ಕೆ ದಾಟುತ್ತಿದೆ. ಇದರ ಬಗ್ಗೆ ನಮ್ಮಲ್ಲಿ ಆಗಬೇಕಾದಷ್ಟು ಚರ್ಚೆ ಆಗಿಲ್ಲ.

ಗ್ಯಾರಂಟಿ ಎಲ್ಲ ಕಂಪನಿಯದ್ದೇ ಅಂತಲೂ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು, ಹಿರಿಯರಿಗಾಗಿ ಕೇಂದ್ರ ಸರ್ಕಾರ ಎಲ್‌ಐಸಿ ಮೂಲಕ ನಡೆಸಿದ ವಯ ವಂದನಾ ಯೋಜನೆಯಲ್ಲಿ 8% ಪಡೆದವರು ಇದ್ದೀರಿ. 2003ರ ವರಿಷ್ಠ ಪಿಂಚಣಿಯಲ್ಲಿ 9% ಇತ್ತು. ಎಲ್‌ಐಸಿ ದುಡಿದದ್ದಕ್ಕೂ ಕೊಟ್ಟ ಮಾತಿಗೂ ನಡುವಿನ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಿತು. ಅಲ್ಲಿ ಹೆಗಲು ಕೊಟ್ಟದ್ದು ತೆರಿಗೆದಾರರು.

ಇನ್ನು ಕೆಲವು ಪ್ರಶ್ನೆಗಳು.

ಒಬ್ಬರು ಕೇಳಿದರು: "2025ರಲ್ಲಿ ರೆಪೋ ಇಳಿಯುತ್ತಾ ಬಂತಲ್ಲ ಸರ್, ವಿಮಾ ಷೇರು ಮಾರಬೇಕಿತ್ತಾ?"

ಕೊಳ್ಳಿ, ಮಾರಿ ಅಂತ ನಾನು ಹೇಳುವುದಿಲ್ಲ. ಆದರೆ ರೆಪೋ ಅನ್ನುವುದು ಬ್ಯಾಂಕುಗಳು ಕೆಲವೇ ದಿನಕ್ಕೆ ಪಡೆಯುವ ಸಾಲದ ದರ. ಜೀವವಿಮೆಗೆ ಬೇಕಾದದ್ದು 30, 40 ವರ್ಷದ ಬಾಂಡಿನ ದರ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ 6.50ರಿಂದ 5.50ಕ್ಕೆ ಬಂತು. ಉದ್ದದ ಬಾಂಡುಗಳ ಬಡ್ಡಿ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಟಿವಿಯಲ್ಲಿ ರೆಪೋ ಸುದ್ದಿ ಬಂದಾಗ ವಿಮಾ ಷೇರಿನ ಬಗ್ಗೆ ಅವಸರದ ತೀರ್ಮಾನ ಮಾಡಬೇಡಿ. 30 ವರ್ಷದ ಸರ್ಕಾರಿ ಬಾಂಡ್ ಎಲ್ಲಿದೆ ನೋಡಿ.

"ಕಂಪನಿ ಸರಿಯಾಗಿ ಗಂಟು ಹಾಕಿದೆಯಾ ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?" ಅಂತ ಒಬ್ಬ ಮೇಡಂ ಕೇಳಿದರು. ತುಂಬಾ ಒಳ್ಳೆಯ ಪ್ರಶ್ನೆ.

ಪಟ್ಟಿಯಾದ ಕಂಪನಿಗಳು ಎಂಬೆಡೆಡ್ ವ್ಯಾಲ್ಯೂ ವರದಿಯ ಜೊತೆ ಸೆನ್ಸಿಟಿವಿಟಿ ಅಂತ ಒಂದು ಕೋಷ್ಟಕ ಹಾಕುತ್ತವೆ. ಬಡ್ಡಿ 1% ಏರಿದರೆ, ಇಳಿದರೆ ಆ ಬೆಲೆ ಎಷ್ಟು ಬದಲಾಗುತ್ತದೆ, ಷೇರುಪೇಟೆ ಬಿದ್ದರೆ ಎಷ್ಟು, ಮರಣ ದರ ಬದಲಾದರೆ ಎಷ್ಟು ಅಂತ. ನಾನಾಗಿದ್ದರೆ ಲಾಭದ ಪುಟಕ್ಕಿಂತ ಮೊದಲು ಅದನ್ನು ತೆರೆಯುತ್ತೇನೆ. ಒಂದು ವರ್ಷದ್ದಲ್ಲ, ಐದು ವರ್ಷದ ಕೋಷ್ಟಕ ಪಕ್ಕಪಕ್ಕ ಇಡಿ. ಬಡ್ಡಿಯ ಸಾಲಿನಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ ಗ್ಯಾರಂಟಿ ಹೊರೆ ಏರುತ್ತಿದೆ, ಗಂಟು ಅಷ್ಟು ಬಿಗಿಯಾಗಿಲ್ಲ ಅಂತ ಅರ್ಥ. ಮರಣದ ಸಾಲನ್ನು ಮಾತ್ರ ಎಚ್ಚರದಿಂದ ಓದಿ. ಟರ್ಮ್ ಮತ್ತು ಆನ್ಯುಟಿ ಎರಡನ್ನೂ ಒಟ್ಟಿಗೆ ತೋರಿಸಿದ್ದರೆ ಒಂದರ ಏಟು ಇನ್ನೊಂದರಲ್ಲಿ ಅಡಗಿರುತ್ತದೆ. ಹೂಡಿಕೆದಾರರ ಸಭೆಯಲ್ಲಿ ಬೇರೆ ಬೇರೆ ಹೇಳಿ ಅಂತ ಕೇಳುವ ಹಕ್ಕು ನಿಮಗಿದೆ. ಹತ್ತೇ ಷೇರು ಇದ್ದರೂ ಕೇಳಿ.

ಕೊನೆಯದಾಗಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಎದ್ದು ನಿಂತರು. "ನನ್ನ ಮಗಳು 2008ರಲ್ಲಿ ಶಿಕ್ಷಕಿಯಾಗಿ ಸೇರಿದಳು, ಎನ್‌ಪಿಎಸ್‌ನಲ್ಲಿದ್ದಾಳೆ. ಅವಳಿಗೆ ಆನ್ಯುಟಿ ಎಷ್ಟು ಬರಬಹುದು?"

ಸರ್, ಇವತ್ತು ಯಾರಾದರೂ ಒಂದು ಅಂಕಿ ಹೇಳಿದರೆ ನಂಬಬೇಡಿ. ಆ ದರ ನಿಗದಿಯಾಗುವುದು ಅವರು ಕೊಳ್ಳುವ ದಿನ, ಆ ದಿನದ ಉದ್ದದ ಬಾಂಡಿನ ಬಡ್ಡಿ ಮತ್ತು ಆಗಿನ ಮರಣ ಕೋಷ್ಟಕ ನೋಡಿ. ನಿವೃತ್ತಿಯ ದಿನ ಬಡ್ಡಿ ತೀರಾ ಕೆಳಗಿದ್ದರೆ ಅವತ್ತೇ ಕೊಳ್ಳಬೇಕು ಅಂತಿಲ್ಲ, ಆನ್ಯುಟಿ ಕೊಳ್ಳುವುದನ್ನು ಮುಂದೂಡುವ ಅವಕಾಶ ಎನ್‌ಪಿಎಸ್‌ನಲ್ಲಿದೆ. ನಿಯಮಗಳು ಆಗಾಗ ಬದಲಾಗುತ್ತವೆ, ನಿವೃತ್ತಿಗೆ ಎರಡು ವರ್ಷ ಮೊದಲೇ ವಿಚಾರಿಸಿಕೊಳ್ಳಲಿ. ಒಂದೇ ಕಂಪನಿಯ ದರ ನೋಡಿ ಸಹಿ ಹಾಕುವುದು ಬೇಡ. ಒಂದೇ ವಯಸ್ಸಿಗೆ, ಒಂದೇ ಬಗೆಯ ಆನ್ಯುಟಿಗೆ ಕಂಪನಿಯಿಂದ ಕಂಪನಿಗೆ ದರದಲ್ಲಿ ವ್ಯತ್ಯಾಸ ಇರುತ್ತದೆ. ತೀರಾ ಹೆಚ್ಚು ದರ ಕೊಡುವ ಕಂಪನಿ ಸಿಕ್ಕರೆ ಅದರ ಸೆನ್ಸಿಟಿವಿಟಿ ಕೋಷ್ಟಕವನ್ನೂ ಒಮ್ಮೆ ತೆರೆದು ನೋಡಲಿ. ಆ ಮಾತನ್ನು ಆ ಕಂಪನಿ ಇನ್ನೂ 30 ವರ್ಷ ನಡೆಸಬೇಕು.